ಬೀದಿಗೆಲ್ಲ ಒಂದೇ ಹಂಡೆ

ಇಲ್ಲ ಸ್ವಾಮಿ, ನಾನು ಪ್ಲಂಬರ್ ಅಲ್ಲ. ಎಷ್ಟು ಜನಕ್ಕೆ ಅಂತ ಹೇಳ್ಲಿ? ಕೈಲಿ ಪೈಪ್ ರೆಂಚ್ ಹಿಡ್ಕೊಂಡು ಟೀ ಅಂಗಡಿ ಮುಂದೆ ನಿಂತ್ರೆ ಸಾಕು, "ನಮ್ಮನೆ ನಲ್ಲಿ ಸೋರ್ತದೆ, ಒಂಚೂರು ನೋಡಿ" ಅಂತ ಬಂದೇಬಿಡ್ತಾರೆ. ನಂದು ಬಿಸಿ ಸಾಗಿಸೋ ಕೆಲಸ. ಮಂಡ್ಯದ ಆಚೆ ಒಂದು ದೊಡ್ಡ ಆಲೆಮನೆ ಇದೆ. ಕೊತ್ತತ್ತಿ ಕಡೆ ಕಬ್ಬು ಅರ್ಧ ಅಲ್ಲಿಗೇ ಬರೋದು. ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸಿದ ಮೇಲೂ ಬೇಕಾದಷ್ಟು ಬಿಸಿ ಉಳಿದು, ಸುಮ್ನೆ ಚಿಮಣಿ ಹತ್ತಿ ಆಕಾಶಕ್ಕೆ ಹೋಗ್ತಿತ್ತು. ನಮ್ಮ ಕಂಪನಿಯವರು ಆ ಬಿಸಿ ಹಿಡಿದು, ಅದ್ರಲ್ಲಿ ನೀರು ಕಾಯಿಸಿ, ನೆಲದೊಳಗೆ ಪೈಪ್ ಹಾಕಿ ಹತ್ತಿರದ ಒಂದು ಬೀದಿಗೆ ಕೊಡ್ತಾರೆ. ಗೀಸರ್ ಬೇಡ, ಸೌದೆ ಬೇಡ, ಹೊಗೆ ಬೇಡ. ಅದನ್ನ ನೋಡ್ಕೊಳ್ಳೋನು ನಾನು. ಇಷ್ಟೆಲ್ಲಾ ಹೇಳಿ ಮುಗಿಸಿದ ಮೇಲೆ ಕೇಳಿದವರು ತಲೆ ಆಡಿಸಿ, "ಸರಿ, ನಲ್ಲಿ ಯಾವಾಗ ನೋಡ್ತೀರಿ?" ಅಂತಾರೆ.

ಇದಕ್ಕೆ ಮುಂಚೆ ಇಪ್ಪತ್ತು ವರ್ಷ ಬಾಯ್ಲರ್ ಮುಂದೆ ನಿಂತಿದ್ದೆ. ಬಾಯ್ಲರ್ ಒಂದಿನಕ್ಕೂ ತಮಾಷೆ ಮಾಡಲಿಲ್ಲ. ಅದೇ ಬಾಯ್ಲರಿನ ಬಿಸಿನ ಮನುಷ್ಯರಿಗೆ ಜೋಡಿಸಿದ್ದೇ ತಡ, ವಾರಕ್ಕೊಂದಾದ್ರೂ ಎಡವಟ್ಟು ಆಗ್ತಾನೇ ಇದೆ.

ನನಗೇನೂ ಬೇಜಾರಿಲ್ಲ. ಆದ್ರೆ ಈ ಪೈಪು ಒಂದು ವರ್ಷದ ಪರೀಕ್ಷೆಗೆ ಅಂತ ಹಾಕಿದ್ದು. ದೀಪಾವಳಿಯ ಎಣ್ಣೆ ಸ್ನಾನ ಮುಗಿದ ಮೇಲೆ ಬೀದಿಯವರು 'ಬೇಕು' ಇಲ್ಲ 'ಬೇಡ' ಅಂತ ಹೇಳಬೇಕು. ಬೇಡ ಅಂದ್ರೆ ಪೈಪ್ ಕಿತ್ತು, ನನ್ನನ್ನ ಬಳ್ಳಾರಿ ಕಡೆ ಕೆಲಸಕ್ಕೆ ಕಳಿಸ್ತಾರೆ. ಯಲಿಯೂರಿನ ನಮ್ಮನೇಲಿ ಇದನ್ನ ಹೇಳಿದಾಗ ನಮ್ಮನೆಯಾಕೆ ಅಟ್ಟದ ಮೇಲಿಂದ ಟ್ರಂಕು ಇಳಿಸಿ, ಒರೆಸಿ, ನಡುಮನೇಲಿ ಇಟ್ಟಳು. ನೋಡಿದೆ. ಒಬ್ಬರ ಬಟ್ಟೆ ಹಿಡಿಯೋ ಟ್ರಂಕು.

ಮಿಕ್ಕಿದ್ದು

ಆ ಬೀದೀಲಿ ಮೂವತ್ತು ಮನೆ. ಕೊನೇ ಮನೇಲಿ ಒಬ್ಬರು ಅಜ್ಜಿ. ಬೀದಿಗೆಲ್ಲ ಹಿರಿಯರು. ಅವರು ಹೂಂ ಅಂದ್ರೆ ಬೀದಿ ಹೂಂ, ಅವರು ಉಹೂಂ ಅಂದ್ರೆ ಕೌನ್ಸಿಲರ್ ಬಂದ್ರೂ ಉಹೂಂ.

ಮೊದಲನೇ ದಿನ ಮೊದಲನೇ ಮನೆ ನಲ್ಲಿ ತಿರುಗಿಸಿದ್ವಿ. ಹಬೆ ಆಡ್ತಾ ನೀರು ಬಂತು. ಎಲ್ಲರೂ ಕೈ ಒಡ್ಡಿ ಒಡ್ಡಿ ನೋಡ್ತಿದ್ರು. ಅಜ್ಜಿಯೂ ಒಡ್ಡಿದ್ರು.

"ಯಾರ್ಲಾ ಕಾಯ್ಸುದ್ದು ಇದಾ?"

"ಆಲೆಮನೆ ಒಲೆ ಅಜ್ಜಿ. ಅವರು ಬೆಲ್ಲ ಮಾಡಿ ಮಿಕ್ಕಿದ ಬಿಸಿ."

"ಮಿಕ್ಕುದ್ದು ಅಂದ್ರೆ? ಎಂಜಲಾ?"

ಇಡೀ ಬೀದಿ ನಲ್ಲಿಯಿಂದ ಕೈ ಹಿಂದಕ್ಕೆ ತಗೊಂತು.

"ಎಂಜಲಲ್ಲಜ್ಜಿ, ಯಾರೂ ಬಾಯಿ ಹಾಕಿಲ್ಲ. ಪಾತ್ರೇಲೇ ಉಳಿದದ್ದು. ಬೇಕಾದ್ರೆ ತಂಗಳು ಅನ್ಕೋ."

"ತಂಗಳು ತಣ್ಣಗಿರ್ಬೇಕು ಕಣ್ಲಾ. ಇದು ಕೈ ಸುಡ್ತಾ ಅದೆ."

ನಮ್ಮ ಇಂಜಿನಿಯರಮ್ಮ ಮುಂದೆ ಬಂದ್ರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ಕೈಲಿ ಯಾವಾಗ್ಲೂ ಒಂದು ನೋಟ್‌ಬುಕ್ಕು. ಆಗಿದ್ದೆಲ್ಲಾ ಅದ್ರಲ್ಲಿ ಬರ್ಕೊಂಡು ಹೆಡ್ಡಾಫೀಸಿಗೆ ಕಳಿಸ್ತಾರೆ.

"ಅಜ್ಜಿ, ಅಲ್ಲಿನ ನೀರೇ ಬೇರೆ, ನಿಮ್ಮ ನೀರೇ ಬೇರೆ. ಒಂದನ್ನೊಂದು ಮುಟ್ಟೋದೇ ಇಲ್ಲ. ಮಧ್ಯ ಒಂದು ತಗಡು ಇರುತ್ತೆ. ಬಿಸಿ ಮಾತ್ರ ಈ ಕಡೆ ದಾಟುತ್ತೆ."

ಅಜ್ಜಿ ಪಕ್ಕದ ಮನೆ ಗೋಡೆ ಕಡೆ ತಿರುಗಿದ್ರು.

"ಅಂಗಾದ್ರೆ ಗೋಡೆ ಆಚೆ ಪಕ್ಕದ್ಮನೆಯವ್ರು ಉಂಡ್ರೆ, ಈಚೆ ನನ್ನ ಒಟ್ಟೆ ತುಂಬ್ತದಾ ಕಣವ್ವ?"

ಇಂಜಿನಿಯರಮ್ಮ ಅವತ್ತು ನೋಟ್‌ಬುಕ್ಕಲ್ಲಿ ಏನೂ ಬರೀಲಿಲ್ಲ. ಅಜ್ಜಿ ಹೂಂ ಅನ್ನದಿದ್ರೂ ಉಹೂಂ ಅಂತಲೂ ಅನ್ನಲಿಲ್ಲ, ಹಾಗಾಗಿ ಇಪ್ಪತ್ತೊಂಬತ್ತು ಮನೆಯವರು ಪರೀಕ್ಷೆಗೆ ಅಂತ ಪೈಪ್ ಹಾಕಿಸ್ಕೊಂಡ್ರು. ಅಜ್ಜಿ ಮಾತ್ರ ಹಿತ್ತಲ ಬಚ್ಚಲಿನ ತಾಮ್ರದ ಹಂಡೆ ಬಿಡಲಿಲ್ಲ. ದಿನಾ ಬೆಳಿಗ್ಗೆ ಇಪ್ಪತ್ತೊಂಬತ್ತು ಮನೇಲಿ ಹೊಗೆ ಇಲ್ಲ, ಕೊನೇ ಮನೇಲಿ ಮಾತ್ರ ರೈಲು ಹೊರಟಂಗೆ ಹೊಗೆ.

ಮೇಷ್ಟ್ರ ಶುಗರು

ಮೂರನೇ ಮನೇಲಿ ರಿಟೈರ್ಡ್ ಮೇಷ್ಟ್ರು. ಪೈಪ್ ಬಂದು ನಾಲ್ಕು ದಿನ ಆದ್ರೂ ತಣ್ಣೀರು ಸ್ನಾನ ಮಾಡ್ತಾ ನಡುಗ್ತಾ ಇದ್ರು. ಯಾಕೆ ಸಾರ್ ಅಂದೆ. ಬಾಗಿಲು ಮರೆಗೆ ಕರೆದು ಮೆಲ್ಲಗೆ ಕೇಳಿದ್ರು:

"ನಂಗೆ ಶುಗರ್ ಇದೆ. ಬೆಲ್ಲದ ಕಡೆಯಿಂದ ಬರೋ ನೀರು. ಚರ್ಮದ ಮೂಲಕ ಹತ್ತಲ್ವಾ?"

"ಬೆಲ್ಲ ಬರಲ್ಲ ಸಾರ್. ಬಿಸಿ ಮಾತ್ರ."

"ನೀನು ಹೇಳ್ತೀಯ. ನಿಂಗೆ ಶುಗರ್ ಇಲ್ಲ."

ಇಂಜಿನಿಯರಮ್ಮ ನೀರಿನ ಪರೀಕ್ಷೆ ಚೀಟಿ ತಂದು ತೋರಿಸಿದ್ರು. ಮೇಷ್ಟ್ರು ಕನ್ನಡಕ ಹಾಕ್ಕೊಂಡು ಓದಿ, ಅದರಲ್ಲಿದ್ದ ಒಂದು ತಪ್ಪು ತಿದ್ದಿ, ಒಪ್ಪಿಕೊಂಡ್ರು. ಬಿಸಿನೀರು ಶುರುವಾದ ಮೇಲೆ ಖುಷಿಯಾಗಿ ದಿನಾ ಬೆಳಿಗ್ಗೆ ವಾಕಿಂಗ್ ಹೋಗೋಕೆ ಶುರು ಮಾಡಿದ್ರು. ಒಂದು ತಿಂಗಳಿಗೆ ಶುಗರ್ ಇಳೀತು. ಅದು ವಾಕಿಂಗಿನಿಂದ ಅಂತ ಡಾಕ್ಟ್ರು ಹೇಳಿದ್ರು. ಪೈಪಿನಿಂದ ಅಂತ ಮೇಷ್ಟ್ರು ಬೀದಿಗೆಲ್ಲ ಹೇಳಿದ್ರು. ಮಾರನೇ ವಾರ ಏಳನೇ ಮನೆ ಯಜಮಾನ್ರು ನನ್ನ ಮೊಪೆಡ್ ಅಡ್ಡ ಹಾಕಿದ್ರು.

"ನಂದು ಬಿಪಿ ಕಣಪ್ಪ. ನಂಗೆ ಉಪ್ಪಿನ ಫ್ಯಾಕ್ಟ್ರಿ ನೀರು ಬರ್ದಂಗೆ ನೋಡ್ಕೊ."

ಎದ್ದು ಹೋದ್ರೆ ತಂಪು

ಮಳವಳ್ಳೀಲೂ ನಮ್ಮದೊಂದು ಕೆಲಸ ಇತ್ತು. ಅಲ್ಲಿ ಉಲ್ಟಾ. ಬಿಸಿ ಕೊಟ್ರೆ ತಂಪು ಕೊಡೋ ಯಂತ್ರ. ಹೇಗೆ ಅಂತ ನನ್ನ ಕೇಳಬೇಡಿ. ಇಂಜಿನಿಯರಮ್ಮ ಮೂರು ಸಲ ಹೇಳಿದ್ರು, ಮೂರು ಸಲವೂ ನಾನು ತಲೆ ಆಡಿಸಿದೀನಿ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋ ಒಂದು ಘಟಕ, ಅದರ ಪಕ್ಕದಲ್ಲೇ ಒಂದು ಕಲ್ಯಾಣ ಮಂಟಪ. ಘಟಕದ ಒಲೆ ಉರಿದ್ರೆ ಯಂತ್ರ ಓಡ್ತದೆ, ಮಂಟಪ ತಣ್ಣಗಿರ್ತದೆ.

ಮಂಟಪದ ಓನರ್ ಒಳ್ಳೇ ಮನುಷ್ಯ. ಯಂತ್ರ ಕೂರಿಸಿದ ಮೇಲೆ ಮಂಟಪದಲ್ಲಿ ನಡೆದ ಮೊದಲನೇ ಮದುವೆ ಅವರ ಮಗಳದ್ದೇ. ಬೇಸಿಗೆ, ತುಂಬಿದ ಜನ. ಮುಹೂರ್ತಕ್ಕೆ ಅರ್ಧ ಗಂಟೆ ಇದೆ ಅನ್ನೋವಾಗ ಗಾಳಿ ಬಿಸಿಯಾಯ್ತು. ಗಂಡಿನ ಕಡೆಯವರು ಲಗ್ನಪತ್ರಿಕೆಯಲ್ಲೇ ಗಾಳಿ ಬೀಸ್ಕೊಳ್ಳೋಕೆ ಶುರು ಮಾಡಿದ್ರು. ನಾನು ಘಟಕಕ್ಕೆ ಓಡಿದೆ. ಬೀಗ.

ಊಟದ ಹಾಲಿಗೆ ಬಂದು ನೋಡ್ತೀನಿ, ಘಟಕದ ಸಾಹೇಬ್ರು, ಅವರ ಮನೆಯವರು, ನೂಲು ತೆಗೆಯೋ ಇಪ್ಪತ್ತು ಹೆಣ್ಣುಮಕ್ಕಳು, ಒಲೆಗೆ ಸೌದೆ ಹಾಕೋನು, ಎಲ್ಲಾ ಮೊದಲನೇ ಪಂಕ್ತೀಲಿ ಎಲೆ ಮುಂದೆ ಕೂತವ್ರೆ. ಓನರ್ರು ಒಬ್ಬರನ್ನೂ ಬಿಡದೆ ಕರೆದಿದ್ರು.

ಸಾಹೇಬ್ರೇ ನನ್ನ ಕರೆದ್ರು. "ಬನ್ನಿ ಭಾಯಿ, ಕೂತ್ಕೊಳ್ಳಿ. ಏನು ಇಷ್ಟು ಸೆಕೆ? ನಿಮ್ಮ ಮಿಷನ್ನು ಎಲ್ಲಿ?"

"ಸಾಹೇಬ್ರೇ, ಅದು ನೀವೇ."

"ಅಂದ್ರೆ?"

ಮದುವೆಗೆ ಬಂದ ನೆಂಟರಿಗೆ 'ನೀವು ಎದ್ದು ಹೋದ್ರೆ ಎಲ್ಲರಿಗೂ ತಂಪಾಗ್ತದೆ' ಅಂತ ಯಾವ ಬಾಯಲ್ಲಿ ಹೇಳೋದು? ಬೀಗ ಬಿದ್ದ ಘಟಕದ ಕಡೆ ಕೈ ತೋರಿಸಿದೆ. ಅಷ್ಟರಲ್ಲಿ ಸೌದೆಯವನಿಗೆ ಅರ್ಥ ಆಯ್ತು. ಪಾಯಸದ ಲೋಟ ಕೈಲಿ ಹಿಡ್ಕೊಂಡೇ ಎದ್ದ. ಹಿಂದೆ ಸಾಹೇಬ್ರು ಎದ್ರು. ರೇಷ್ಮೆ ಸೀರೆ ಉಟ್ಟಿದ್ದ ಇಪ್ಪತ್ತು ಜನಾನೂ ಎದ್ದು ಹೋಗಿ, ಸೆರಗು ಸಿಕ್ಕಿಸಿ ಗೂಡು ಬೇಯಿಸೋಕೆ ನಿಂತ್ರು. ಮಾಂಗಲ್ಯಧಾರಣೆ ಹೊತ್ತಿಗೆ ಮಂಟಪ ತಣ್ಣಗಾಯ್ತು. ಓನರ್ರು ಮಗಳನ್ನ ಧಾರೆ ಎರೆದು ಕೊಟ್ಟವರೇ, ಹೋಳಿಗೆ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಘಟಕಕ್ಕೆ ಬಂದು, ತಾವೇ ಎಲೆ ಹಾಕಿ ಬಡಿಸಿದ್ರು.

ಅಲ್ಲೂ ಸೆಕೆಯಲ್ಲಿ ಬೆವರ್ತಾ ಊಟ ಮಾಡ್ತಾ ಸಾಹೇಬ್ರು ನನಗೆ ಹೇಳಿದ್ರು: "ಮುಂದಿನ ತಿಂಗಳು ನನ್ನ ಮಗಂದು ನಿಕಾಹ್. ಇದೇ ಮಂಟಪ. ಅವತ್ತು ಒಲೆಗೆ ಸೌದೆ ನೀವೇ ಹಾಕ್ಬೇಕು ಭಾಯಿ."

ಹೆಡ್ಡಾಫೀಸಿನವರು ಇದನ್ನ ಓದಿ ಮಳವಳ್ಳಿ ಕೆಲಸ ಸದ್ಯಕ್ಕೆ ನಿಲ್ಲಿಸಿ ಅಂದ್ರು.

ಭಾಗಶಃ ಮೋಡ

ಮದ್ದೂರಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲು. ಪಕ್ಕದ ಅಕ್ಕಿ ಗಿರಣಿಯ ಹೊಟ್ಟಿನ ಒಲೆಯಿಂದ ಬಿಸಿನೀರು. ಗಿರಣಿಗೆ ರಜಾ ಇದ್ದಾಗ ತೊಂದ್ರೆ ಆಗಬಾರದು ಅಂತ ಮಹಡಿ ಮೇಲೆ ಸೋಲಾರ್ ಪ್ಲೇಟು. ಎಲ್ಲಾ ಸರಿಯಾಗಿತ್ತು, ಏಪ್ರಿಲ್ ತನಕ. ಏಪ್ರಿಲ್‌ನಲ್ಲಿ, ಗಿರಣಿಗೆ ರಜಾ ಇದ್ದಾಗ, ತಲೆ ಸುಡೋ ಬಿಸಿಲಲ್ಲಿ, ನೀರು ಉಗುರು ಬೆಚ್ಚಗೂ ಬರ್ತಿಲ್ಲ ಅಂತ ಫೋನು.

ಮಹಡಿ ಹತ್ತಿದೆ. ಎಂಟು ಪ್ಲೇಟಿನ ಮೇಲೂ ಬಿಳೀ ಪಂಚೆ ಹಾಸಿದೆ. ಪಂಚೆ ಮೇಲೆ ಸಾಲಾಗಿ ಅರಳು ಸಂಡಿಗೆ. ಹಾಸ್ಟೆಲ್ ಅಡುಗೆಯಮ್ಮ ಕಾಗೆ ಓಡಿಸೋಕೆ ಕೋಲು ಹಿಡ್ಕೊಂಡು ನೆರಳಲ್ಲಿ ಕೂತಿದ್ರು.

"ಅಮ್ಮಾ, ಇದು ನೀರು ಕಾಯ್ಸೋ ಪ್ಲೇಟು."

"ಗೊತ್ತು ಕಣಪ್ಪ. ಅದ್ಕೇ ಇದ್ರ ಮೇಲೆ ಆಕಿರೋದು. ಬಿಸಿಲ್ನೇ ನಂಬ್ಕೊಂಡು ಮಾಡಿರೋದಲ್ವಾ, ಸಂಡಿಗೆಗೂ ಒಳ್ಳೇದು."

"ಸಂಡಿಗೆ ಒಣಗುತ್ತೆ, ನೀರು ಕಾಯಲ್ಲ."

"ನೀರು ಯಾವಾಗ್ಬೇಕಾದ್ರೂ ಕಾಯ್ತದೆ. ಸಂಡಿಗೆ ಬೇಸ್ಗೇಲಿ ಮಾತ್ರ."

ಇಂಜಿನಿಯರಮ್ಮನಿಗೆ ಫೋನ್ ಮಾಡಿ, "ಮೇಡಂ, ಪ್ಲೇಟಿನ ಮೇಲೆ ಮೋಡ" ಅಂದೆ. ಅವರು ನೀಲಿ ಆಕಾಶ ನೋಡ್ತಾ ಮಹಡಿಗೆ ಬಂದ್ರು. ಅಷ್ಟರಲ್ಲಿ ಅಡುಗೆಯಮ್ಮ ಒಣಗಿದ್ದ ಒಂದು ಪ್ಲೇಟಿನಷ್ಟು ಕರಿದು ತಂದಿದ್ರು. ಇಬ್ಬರೂ ತಿಂದ್ವಿ. ಎರಡನೇ ತಟ್ಟೆ ಬಂತು, ಅದನ್ನೂ ತಿಂದ್ವಿ. ಆಮೇಲೆ ಮೂವರೂ ಸೇರಿ ಪಂಚೆಗಳನ್ನ ಪಕ್ಕದ ಖಾಲಿ ನೆಲಕ್ಕೆ ದಾಟಿಸಿದ್ವಿ.

ಅವತ್ತಿನ ವರದಿ ನಾನು ಇಣುಕಿ ನೋಡಿದೆ. 'ಹವಾಮಾನ: ಭಾಗಶಃ ಮೋಡ. ಈಗ ತಿಳಿಯಾಗಿದೆ.'

ಹೆಡ್ಡಾಫೀಸಿನವರು ಮೂರ್ಖರಲ್ಲ. ಏಪ್ರಿಲ್‌ನಲ್ಲಿ ಮದ್ದೂರಿಗೆ ಎಲ್ಲಿಂದ ಮೋಡ ಬಂತು ಅಂತ ಕೇಳಿ, ಅಲ್ಲೂ ಸದ್ಯಕ್ಕೆ ನಿಲ್ಲಿಸಿ ಅಂದ್ರು. ಉಳಿದದ್ದು ಮಂಡ್ಯದ ಆ ಬೀದಿ ಒಂದೇ. ನಮ್ಮನೇಲಿ ಟ್ರಂಕಿನೊಳಗೆ ಎರಡು ಪ್ಯಾಂಟು ಬಂದು ಕೂತಿತ್ತು.

ನೀರು ತುಂಬೋ ಹಬ್ಬ

ನಮ್ಮ ಕಡೆ ದೀಪಾವಳಿ ಶುರುವಾಗೋದೇ ನೀರು ತುಂಬೋದರಿಂದ. ಸಂಜೆ ಹಂಡೆನ ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕುತ್ತಿಗೆಗೆ ಹಾಗಲ ಬಳ್ಳಿ ಕಟ್ಟಿ, ನೀರು ತುಂಬಿ ಪೂಜೆ ಮಾಡೋದು. ತುಂಬಿದ ಮೇಲೆ ಬೆಳಗಾಗೋತನಕ ಒಂದು ಚೊಂಬೂ ತೆಗೆಯೋ ಹಾಗಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟೋದ್ರೊಳಗೆ ಎಣ್ಣೆ ಸ್ನಾನ.

ನಾನು ಎಲ್ಲಾ ತಯಾರಿ ಮಾಡಿದ್ದೆ. ಆಲೆಮನೆಯವರು ಹಬ್ಬಕ್ಕೂ ಒಲೆ ಆರಿಸಲ್ಲ ಅಂದಿದ್ರು. ಬೀದಿ ಬಾಯಲ್ಲಿ ನಮ್ಮದೊಂದು ದುಂಡನೆಯ ಸ್ಟೀಲ್ ತೊಟ್ಟಿ ಇದೆ. ಬಿಸಿನೀರು ಅಲ್ಲಿ ನಿಂತು ಅಲ್ಲಿಂದ ಮನೆಗಳಿಗೆ ಹೋಗೋದು. ನೀರು ಬಿಡೋಕೆ, ನಿಲ್ಲಿಸೋಕೆ ಅದಕ್ಕೊಂದು ತಿರುಗಿಸೋ ಚಕ್ರ. ತೊಟ್ಟಿ ತುಂಬಿಸಿ, ಚಕ್ರ ಪೂರ್ತಿ ತಿರುಗಿಸಿ ತೆರೆದಿಟ್ಟು ಸಂಜೆ ಮನೆಗೆ ಬಂದೆ. ಬೆಳಿಗ್ಗೆ ಇಂಜಿನಿಯರಮ್ಮ ಬಂದು ನೋಡ್ತಾರೆ, ಸ್ನಾನ ಮುಗಿದ ಮೇಲೆ ಬೀದಿಯವರನ್ನ ಕೇಳ್ತಾರೆ, ಅಂತ ಮಾತಾಗಿತ್ತು.

ನಾನು ಯೋಚನೆ ಮಾಡದೇ ಇದ್ದದ್ದು ಒಂದೇ. ಇಪ್ಪತ್ತೊಂಬತ್ತು ಮನೆಯವರು ಹಂಡೆ ಎತ್ತಿ ಅಟ್ಟಕ್ಕೆ ಹಾಕಿದ್ರಲ್ಲ, ಪೂಜೆ ಯಾವುದಕ್ಕೆ ಮಾಡೋದು? ಹೋಗಿ ಅಜ್ಜಿನ ಕೇಳಿದ್ದಾರೆ. ಅಜ್ಜಿ ಪೈಪ್ ಹಾಕಿಸ್ಕೊಂಡಿಲ್ಲ ನಿಜ, ಆದ್ರೆ ಶಾಸ್ತ್ರ ಬಿಟ್ಟುಕೊಡೋರಲ್ಲ.

"ನೀರು ಎಲ್ಲಿಂದ ಬತ್ತದೋ ಅದೇ ಅಂಡೆ" ಅಂದವ್ರೆ.

ಬೆಳಿಗ್ಗೆ ಐದು ಗಂಟೆಗೆ ಬಂದು ನೋಡ್ತೀನಿ, ನಮ್ಮ ತೊಟ್ಟಿ ಮದುವಣಗಿತ್ತಿ ಆಗಿತ್ತು. ಫಳಫಳ ಬೆಳಗಿ, ಪಟ್ಟೆ ಎಳೆದು, ಕುಂಕುಮ ಇಟ್ಟು, ಬುಡದಲ್ಲಿ ಇಪ್ಪತ್ತೊಂಬತ್ತು ದೀಪ. ಹಾಗಲ ಬಳ್ಳಿ ತೊಟ್ಟಿಯನ್ನ ಮೂರು ಸುತ್ತು ಸುತ್ತಿ, ಚಕ್ರದ ಕಡ್ಡಿಗಳ ಒಳಗೆಲ್ಲ ತೂರಿ ಬಂದು, ಪೈಪಿಗೆ ಗಂಟು ಬಿದ್ದಿತ್ತು. ಎಣಿಸಿದೆ. ಒಂಬತ್ತು ಗಂಟು. ಚಕ್ರ ಪೂರ್ತಿ ಮುಚ್ಚಿತ್ತು. ಮುಚ್ಚದೆ ಹೇಗೆ ತುಂಬುತ್ತೆ, ಅಲ್ವಾ?

ಅಷ್ಟರಲ್ಲಿ ಒಂದೊಂದೇ ಮನೆ ಬಾಗಿಲು ತೆಗೀತು. ಮೂವತ್ತಲ್ಲ ಸ್ವಾಮಿ, ಮಕ್ಕಳು ಮರಿ ಸೇರಿ ನೂರು ಜನ. ಎಲ್ಲರ ತಲೆ ಮೇಲೂ ಎಣ್ಣೆ. ದೀಪದ ಬೆಳಕಲ್ಲಿ ಇಡೀ ಬೀದಿ ಹೊಳೀತಿತ್ತು. ಮೇಷ್ಟ್ರು ಮುಂದೆ ನಿಂತಿದ್ರು, ಕನ್ನಡಕದ ಮೇಲೆ ಎಣ್ಣೆ ಇಳೀತಾ ಇತ್ತು.

"ನೀರು ಬರ್ತಿಲ್ಲ ಕಣಯ್ಯ."

"ಒಂದೇ ನಿಮಿಷ ಸಾರ್" ಅಂತ ಬಳ್ಳಿಗೆ ಕೈ ಹಾಕಿದೆ.

"ಮುಟ್ಬೇಡಾ!" ನೂರು ಬಾಯಿ ಒಟ್ಟಿಗೆ.

ಕೊನೇ ಮನೆಯಿಂದ ಅಜ್ಜಿ ಬಂದ್ರು. "ಸ್ನಾನ ಆಗ್ದೆ ಪೂಜೆ ಬಳ್ಳಿ ಬಿಚ್ಬಾರ್ದು ಕಣ್ಲಾ ಪೈಪಪ್ಪ. ವರ್ಷೆಲ್ಲಾ ಮನೇಗೊಳ್ಳೇದಾಗಕ್ಕಿಲ್ಲ."

"ಬಳ್ಳಿ ಬಿಚ್ಚದೆ ಸ್ನಾನ ಆಗಲ್ಲ ಅಜ್ಜಿ."

"ಅದು ನಿನ್ ಕಷ್ಟ."

ಇಂಜಿನಿಯರಮ್ಮ ಸ್ಕೂಟರ್ ನಿಲ್ಲಿಸಿದ್ದು ಆಗ. ಜನ ನೋಡಿದ್ರು, ತೊಟ್ಟಿ ನೋಡಿದ್ರು, ನನ್ನ ನೋಡಿದ್ರು. "ಅಣ್ಣಾ, ಏನಾಗಿದೆ?"

"ಏನೂ ಆಗಿಲ್ಲ ಮೇಡಂ. ತೊಟ್ಟಿ ತುಂಬಿದೆ, ಬಿಸಿ ಚೆನ್ನಾಗಿದೆ, ಪಂಪು ಚೆನ್ನಾಗಿದೆ. ನೀರು ಬರ್ತಿಲ್ಲ, ಅಷ್ಟೇ."

ಪೂರ್ವದ ಕಡೆ ಕೆಂಪಾಗ್ತಾ ಬಂತು. ಮಕ್ಕಳು ನಡುಗೋಕೆ ಶುರು ಮಾಡಿದ್ವು. ಗೀಸರುಗಳನ್ನ ಮಾರಿ ಆರು ತಿಂಗಳಾಗಿತ್ತು. ಹಿಂದೆ ಯಾರೋ ಒಬ್ಬರು, "ಇದ್ಕಿಂತ ಸೌದೆ ಒಲೆನೇ ವಾಸಿ ಬುಡು" ಅಂದ್ರು. ನನ್ನ ಕಣ್ಣ ಮುಂದೆ ಬಳ್ಳಾರಿ ಬಂದು ನಿಂತ್ಕೊಂತು. ಅಲ್ಲಿ ಬಿಸಿಗೆ ಪೈಪೇ ಬೇಡ.

ಇಂಜಿನಿಯರಮ್ಮ ಅಜ್ಜಿ ಹತ್ರ ಹೋಗಿ ಕೇಳಿದ್ರು, "ಅಜ್ಜಿ, ಸ್ನಾನ ಆದೋರು ಯಾರಾದ್ರೂ ಬಿಚ್ಬಹುದಾ?"

"ಓ, ಬಿಚ್ಬೋದು."

"ನಿಮ್ಮ ಹಂಡೇಲಿ ಬಿಸಿನೀರಿದೆಯಲ್ಲ?"

ಅಜ್ಜಿ ಇಂಜಿನಿಯರಮ್ಮನ್ನ ನೋಡಿದ್ರು. ಆಮೇಲೆ ಇಬ್ಬರೂ ನನ್ನ ನೋಡಿದ್ರು. ಮುಚ್ಚೋದು ಯಾರಿಗಾದ್ರೂ ಬರ್ತದೆ, ಬಿಗಿದುಕೊಂಡ ಆ ಚಕ್ರನ ಬಿಡಿಸೋಕೆ ಬರೋನು ಬೀದೀಲಿ ನಾನೊಬ್ಬನೇ.

"ಅಜ್ಜಿ, ನಾನು ಡ್ಯೂಟೀಲಿದೀನಿ."

"ಡ್ಯೂಟಿ ಅಂಗಿ ಬಿಚ್ಚಾಕು, ಬಾ."

ಜಗಲಿ ಮುಂದೆ ಮಣೆ ಹಾಕಿದ್ರು. ಮೇಷ್ಟ್ರ ಮನೆಯಿಂದ ಒಂದು ಪಂಚೆ ಬಂತು. ನಾಲ್ಕು ಜನ ಸೇರಿ ತಾಮ್ರದ ಹಂಡೆನ ಹಿತ್ತಲಿಂದ ಹೊತ್ಕೊಂಡು ಬಂದ್ರು. ಇಡೀ ಬೀದಿ ಸುತ್ತ ನಿಂತಿದ್ದಾಗ, ಐವತ್ತು ದಾಟಿದ ನನ್ನ ನೆತ್ತಿಗೆ ಅಜ್ಜಿ ಒಂದು ಹಿಡಿ ಎಣ್ಣೆ ಹಾಕಿ ಪಟಪಟ ತಟ್ಟಿದ್ರು. "ಕಣ್ಮುಚ್ಕೊ, ಸೀಗೇಪುಡಿ." ಮುಚ್ಕೊಂಡೆ. ಆಮೇಲೆ ಚೊಂಬಿನ ಮೇಲೆ ಚೊಂಬು. ಸುಡುಸುಡು ನೀರು. ಕಿರುಚಿದೆ.

ಇಂಜಿನಿಯರಮ್ಮ ಅಭ್ಯಾಸಬಲದಿಂದ ಹಂಡೆಗೆ ಥರ್ಮಾಮೀಟರ್ ಅದ್ದಿದ್ರು. "ಅಣ್ಣಾ, ನಮ್ಮ ನೀರಿಗಿಂತ ಇದೇ ಜಾಸ್ತಿ ಬಿಸಿ."

"ಬರ್ಕೊ, ಬರ್ಕೊ" ಅಂದ್ರು ಅಜ್ಜಿ.

ಒದ್ದೆ ಪಂಚೇಲಿ ಓಡಿದೆ. ಒಂಬತ್ತು ಗಂಟು. ಎಣ್ಣೆ ಕೈ ಬೇರೆ. ಕೊನೇ ಗಂಟು ಹಲ್ಲಲ್ಲಿ ಕಿತ್ತೆ, ಹಾಗಲಬಳ್ಳಿ ಎಷ್ಟು ಕಹಿ ಅಂತ ಅವತ್ತು ಗೊತ್ತಾಯ್ತು. ಚಕ್ರ ತಿರುಗಿಸಿದೆ. ಮೊದಲನೇ ಮನೇಲಿ 'ಬಂತೂ' ಅಂದ್ರು, ಆಮೇಲೆ ಎರಡನೇ ಮನೆ, ಮೂರನೇ ಮನೆ, ಹಾಗೇ ಬೀದಿ ಉದ್ದಕ್ಕೂ. ಕೊನೇ ಮಗುವಿನ ಸ್ನಾನ ಮುಗಿಯೋಕೂ ಸೂರ್ಯ ಹುಟ್ಟೋಕೂ ಸರಿಹೋಯ್ತು. ಸೂರ್ಯ ಒಂಚೂರು ಮುಂಚೇನೇ ಬಂದಿದ್ದ ಅಂತ ನನಗೆ ಅನುಮಾನ. ಆದ್ರೆ ಯಾರೂ ಆ ಕಡೆ ತಿರುಗಿ ನೋಡಲಿಲ್ಲ.

ಎಲ್ಲರೂ ಹೊಸ ಬಟ್ಟೆ ಹಾಕ್ಕೊಂಡು ತೊಟ್ಟಿ ಮುಂದೆ ಸೇರಿದ್ರು. ಇಂಜಿನಿಯರಮ್ಮ ನೋಟ್‌ಬುಕ್ ತೆಗೆದು, ಮೆಲ್ಲಗೆ, "ಪೈಪ್ ಇರಬೇಕಾ, ತೆಗೀಬೇಕಾ? ನಿಜ ಹೇಳಿ" ಅಂದ್ರು. ಇಪ್ಪತ್ತೊಂಬತ್ತು ಮನೆಯವರು ಅಜ್ಜಿ ಕಡೆ ತಿರುಗಿದ್ರು. ನಾನು ನೆಲ ನೋಡ್ತಾ ನಿಂತೆ.

"ತೆಗೆಯಾದಾ?" ಅಂದ್ರು ಅಜ್ಜಿ. "ಪಟ್ಟೆ ಎಳ್ದು, ಬಳ್ಳಿ ಕಟ್ಟಿ, ದೀಪ ಅಚ್ಚಿವ್ವಿ. ಪೂಜೆ ಮಾಡುದ್ ಅಂಡೆನ ಕೀಳಾಕೆ ಯಾರಪ್ಪನ ಕೈಲಾದದು? ನನ್ ಮನೇನೂ ಬರ್ಕೊ, ಮೂವತ್ತು. ಆದ್ರೆ ನನ್ ಅಂಡೆ ಎತ್ತಾಕಿಲ್ಲ ಕಣವ್ವ. ವರ್ಷಕ್ಕೊಂದ್ಸಾರಿ ಈ ಪೈಪಪ್ಪಂಗೆ ನೀರುಯ್ಯಕ್ಕೆ ಬೇಕಲ್ಲ."

ಇಂಜಿನಿಯರಮ್ಮ ಅದನ್ನೂ ಬರ್ಕೊಂಡ್ರು. ಅಜ್ಜಿ ಹೇಳಿದ ಹಾಗೇ.

ಯಲಿಯೂರಿಗೆ ಬಂದಾಗ ಎಂಟು ಗಂಟೆ. ನಮ್ಮನೆಯಾಕೆ ಎಣ್ಣೆ ಬಟ್ಟಲು ಹಿಡ್ಕೊಂಡು ಬಾಗಿಲಲ್ಲೇ ಕೂತಿದ್ಲು. ನನ್ನ ಹೊಳಪು ನೋಡಿದ್ಲು, ಮೇಷ್ಟ್ರ ಪಂಚೆ ನೋಡಿದ್ಲು. ಎಲ್ಲಾ ಹೇಳಿದೆ. ಒಂದೂ ಬಿಡದೆ ಹೇಳಿದೆ. ಅವಳು ಎದ್ದು ಹೋಗಿ ಟ್ರಂಕಿನಿಂದ ನನ್ನ ಎರಡು ಪ್ಯಾಂಟು ತೆಗೆದು ಗೂಟಕ್ಕೆ ಹಾಕಿ, ವಾಪಸ್ ಬಂದ್ಲು.

"ಇಪ್ಪತ್ತೆರಡು ವರ್ಷದಿಂದ ಹಬ್ಬದ್ ದಿವ್ಸ ಎಣ್ಣೆ ಬಟ್ಲು ಇಡ್ಕೊಂಡು ಕೂಗ್ತಾ ಇವ್ನಿ, ಡ್ಯೂಟಿ ಅದೆ ಡ್ಯೂಟಿ ಅದೆ ಅಂತ ಓಡೋಗ್ತಿದ್ರಿ. ಈಗ ಸ್ನಾನನೇ ಡ್ಯೂಟಿ ಮಾಡ್ಕ ಬಂದ್ರಾ?" ಅಂದವಳು ನನ್ನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದ್ಲು. "ಕಿವಿ ಹಿಂದ್ಗಡೆ ಸೀಗೇಪುಡಿ ಅಂಗೇ ಅದೆ. ಡ್ಯೂಟಿ ಸ್ನಾನ ಆಯ್ತು ಬುಡಿ. ಮನೆ ಸ್ನಾನ ಇನ್ನೂ ಆಗಿಲ್ಲ. ಕೂತ್ಕಳಿ."